ಅರ್ಧ ಬೆಲೆ ಹೇಳಿದ ಪೆನ್ನು

17 ನವೆಂಬರ್ 2024, ಭಾನುವಾರ

ಶುಕ್ರವಾರ ಸಂಜೆ ಪೆನ್ನು ಬಂತು. ಪೈಲಟ್ ಕಸ್ಟಮ್ 823, ಆಂಬರ್ ಬಣ್ಣ, ಫೈನ್ ನಿಬ್ಬು, ಅಂದರೆ ಸಣ್ಣ ಗೆರೆ ಬರೆಯುವಂಥದ್ದು. ಎರಡು ವರ್ಷದಿಂದ ಇದರ ಮೇಲೆ ಕಣ್ಣಿಟ್ಟಿದ್ದೆ. "ರೀ, ಎಷ್ಟಾಯ್ತು ಇದಕ್ಕೆ?" ಎಂದಳು ಹೆಂಡತಿ. ಹೇಳಿದೆ, ಆದರೆ ಅರ್ಧ ಹೇಳಿದೆ. ಅಷ್ಟಕ್ಕೇ ಹುಬ್ಬೇರಿಸಿ, "ಪರೀಕ್ಷೆಗೆ ಬರೀತಿದ್ವಲ್ಲ, ಆ ಪೈಲಟ್ಟಾ?" ಎಂದು ಕೇಳಿದಳು. ಹೌದು, ಕಾಲೇಜಿನಲ್ಲಿ ಜೇಬಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ ವಿ5ರ ಕಂಪನಿಯೇ. 1918ರಲ್ಲಿ ಜಪಾನಿನಲ್ಲಿ ಇಂಕ್ ಪೆನ್ನು ಮಾಡುವುದಕ್ಕೆಂದೇ ಶುರುವಾದದ್ದು.

ಬಣ್ಣ ಥೇಟ್ ಕೆಮ್ಮಿನ ಸಿರಪ್ ಬಾಟಲಿಯದ್ದು, ಬೆಳಕಿಗೆ ಹಿಡಿದರೆ ಒಳಗಿನದೆಲ್ಲ ಕಾಣುತ್ತದೆ. ನಿಬ್ಬು 14 ಕ್ಯಾರೆಟ್ ಚಿನ್ನ. ಮೇಲೆ 585 ಎಂದು ಕೊರೆದಿದ್ದಾರೆ, ಅಂದರೆ ಸಾವಿರಕ್ಕೆ 585 ಪಾಲು ಚಿನ್ನ. "ಎಷ್ಟು ಗ್ರಾಂ?" ಎಂದು ತಕ್ಷಣ ಬಂತು ಪ್ರಶ್ನೆ. ಒಂದು ಗ್ರಾಮೂ ಇರಲಿಕ್ಕಿಲ್ಲ ಎಂದೆ. ಇಂಕಿಗೆ ಚಿನ್ನ ತುಕ್ಕು ಹಿಡಿಯುವುದಿಲ್ಲ ಎಂದು ಅದನ್ನು ಬಳಸುತ್ತಾರೆ, ಆದರೆ ಕಾಗದಕ್ಕೆ ತಾಗುವ ತುದಿ ಮಾತ್ರ ಚಿನ್ನವಲ್ಲ, ಅಲ್ಲಿ ಗಟ್ಟಿಯಾದ ಬೇರೆ ಲೋಹದ ಕಾಳು ಕೂರಿಸಿರುತ್ತಾರೆ, ಇಲ್ಲದಿದ್ದರೆ ಸವೆದೇ ಹೋಗುತ್ತದೆ ಎಂದೆಲ್ಲ ವಿವರಿಸುವ ಹೊತ್ತಿಗೆ ಅವಳು ಅಡುಗೆಮನೆಗೆ ಹೋಗಿಯಾಗಿತ್ತು.

ಇಂಕು ತುಂಬಿಸುವುದೇ ಒಂದು ಮಜಾ. ಹಿಂದಿನ ತಿರುಪು ಬಿಚ್ಚಿ ಕಡ್ಡಿಯನ್ನು ಪೂರ್ತಿ ಎಳೆಯಬೇಕು, ನಿಬ್ಬನ್ನು ಬಾಟಲಿಯಲ್ಲಿ ಮುಳುಗಿಸಿ ಕಡ್ಡಿಯನ್ನು ಒಂದೇ ಸಮನೆ ಒತ್ತಬೇಕು. ಗುಳುಗುಳು ಎಂದು ಗುಳ್ಳೆ ಬರುತ್ತವೆ, ಅಷ್ಟೇ. ಮೋಸ ಹೋದೆನಾ ಎಂದುಕೊಳ್ಳುವಾಗ, ಕಡ್ಡಿ ತಳ ಮುಟ್ಟುವ ಹೊತ್ತಿಗೆ ಸೊರ್ ಎಂದು ನೀಲಿ ಮೇಲೇರುತ್ತದೆ. ಕಡ್ಡಿಯ ಹಿಂದೆ ಗಾಳಿಯಿಲ್ಲದ ಜಾಗ ಆಗಿರುತ್ತದೆ, ಕೊನೆಯಲ್ಲಿ ಕೊಳವೆ ಸ್ವಲ್ಪ ಅಗಲವಾಗುವುದರಿಂದ ಕಡ್ಡಿಯ ತುದಿಯ ಬಿರಡೆಯ ಬಿಗಿ ಬಿಟ್ಟು ಇಂಕು ಒಳಗೆ ನುಗ್ಗುತ್ತದೆ. ಸುಮ್ನೆ ಮೂರು ಸಲ ಖಾಲಿ ಮಾಡಿ ತುಂಬಿಸಿದೆ. ಐದನೇ ಕ್ಲಾಸಿನಲ್ಲಿ ಪಕ್ಕದವನ ಪೆನ್ನಿನಿಂದ ನಾಲ್ಕು ಹನಿ ಸಾಲ ತೆಗೆದುಕೊಂಡು, ಬೆಂಚಿನ ಮೇಲೆ ಚೆಲ್ಲಿದ್ದನ್ನು ಚಾಕ್‌ಪೀಸಿನಿಂದ ಹೀರಿಸುತ್ತಿದ್ದವನಿಗೆ ಇದು ಜಾಸ್ತಿಯೇ ಆಯಿತು.

ಬರವಣಿಗೆ ನಯವಾಗಿದೆ. ಜಪಾನಿನವರ ಫೈನ್ ನಮ್ಮ ಕನ್ನಡಕ್ಕೆ ಹೇಳಿ ಮಾಡಿಸಿದಂತಿದೆ. ಅವರ ಲಿಪಿಯಲ್ಲಿ ಚಿಕ್ಕ ಜಾಗದಲ್ಲಿ ಹತ್ತಾರು ಗೆರೆ ಕೂರಿಸಬೇಕಲ್ಲ, ಅದಕ್ಕೇ ಜರ್ಮನಿಯವರ ಫೈನ್‌ಗಿಂತ ಸಣ್ಣಗೆ ಮಾಡುತ್ತಾರೆ. ಲಕ್ಷ್ಮಿ, ರಾಷ್ಟ್ರ, ಸ್ತ್ರೀ ಎಂದು ಒಂದು ಪುಟ ತುಂಬಾ ಬರೆದೆ. ಒತ್ತಿನೊಳಗಿನ ಸುಳಿ ಒಂದೂ ಮುಚ್ಚಿಕೊಳ್ಳಲಿಲ್ಲ. ಅಕ್ಷರ ಮಾತ್ರ ಅದೇ ಹಳೆಯ ಕಾಗೆ ಕಾಲು ಗುಬ್ಬಿ ಕಾಲು. ಬಾಲ್ ಪೆನ್ನಿನಲ್ಲಿ ಒತ್ತಿ ಒತ್ತಿ ಬರೆದ ಕೈ ನೋಡಿ, ಇಲ್ಲೂ ಒತ್ತುತ್ತಿದೆ.

ನಿನ್ನೆ ಬೆಳಿಗ್ಗೆ ಒಂದು ಗಾಬರಿ ಆಯಿತು. ಎರಡನೇ ಪುಟದ ನಡುವೆ ಗೆರೆ ತೆಳ್ಳಗಾಗುತ್ತಾ ಬಂದು ನಿಂತೇಹೋಯಿತು. ಒಳಗೆ ಇಂಕು ತುಂಬಿದೆ, ಕಣ್ಣಿಗೆ ಕಾಣುತ್ತಿದೆ, ಬರೆಯುವುದಿಲ್ಲ. ಕೊಡವಿದೆ, ನೀರಿನಲ್ಲಿ ಅದ್ದಿದೆ, ಕೊಟ್ಟ ದುಡ್ಡನ್ನು (ಪೂರ್ತಿ ದುಡ್ಡನ್ನು) ನೆನೆದು ಬೆವರಿದೆ. ಆಮೇಲೆ ಡಬ್ಬಿಯೊಳಗಿನ ಚೀಟಿ ಬಿಡಿಸಿ ನೋಡಿದರೆ ತಪ್ಪು ನನ್ನದೇ. ಹಿಂದಿನ ತಿರುಪು ಬಿಗಿಯಾಗಿದ್ದರೆ ಇಂಕಿನ ದಾರಿ ಮುಚ್ಚಿರುತ್ತದೆ, ನಿಬ್ಬಿನ ಹಿಂದೆ ಉಳಿದಷ್ಟು ಮಾತ್ರ ಬರೆಯುತ್ತದೆ. ವಿಮಾನದಲ್ಲಿ ಸೋರದಿರಲಿ ಎಂದು ಈ ಏರ್ಪಾಡು. ನಾನು ಹೋಗುವುದು ಮೆಟ್ರೋದಲ್ಲಿ. ಜಾಸ್ತಿ ಬರೆಯುವಾಗ ತಿರುಪನ್ನು ಒಂದೆರಡು ಮಿಲಿಮೀಟರ್ ಸಡಿಲಿಸಿದರೆ ಸಾಕು.

ಪೆನ್ನನ್ನು ಬೇರೆಯವರ ಕೈಗೆ ಕೊಟ್ಟರೆ ನಿಬ್ಬು ಹಾಳಾಗುತ್ತದೆ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ನೀಲಿಯಲ್ಲಿ ಹೊಳೆಯುತ್ತಿತ್ತು. "ಚೆನ್ನಾಗಿ ಬರೆಯುತ್ತೆ ರೀ, ಆ ದುಡ್ಡಿಗೆ ಅಡ್ಡಿಯಿಲ್ಲ" ಎಂದಳು. ನುಣುಪು ಕಾಗದ, ಇನ್ನೂ ಒಣಗಿರಲಿಲ್ಲ. ಮುಟ್ಟಿ ನೋಡಲು ಹೋಗಿ ಇವತ್ತಿನ ಒಂದು ಲೀಟರು ನನ್ನ ಹೆಬ್ಬೆರಳಿಗೆ ಬಂತು.