ಅಜ್ಜನ ಕೋವಿಯ ಹಿಡಿ ಕೊನೆಗೂ ಒಣಗಿತು

ಇಂದು ಬೆಳಿಗ್ಗೆ, ಅಗಸೆ ಎಣ್ಣೆ ಹಚ್ಚಿದ ಹಿಡಿಯ ಕೊರಳಿನ ಮೇಲೆ ಹೆಬ್ಬೆರಳನ್ನು ಒತ್ತಿ, ಹತ್ತು ಎಣಿಸಿ, ಎತ್ತಿದೆ. ಬೆರಳು ಸಲೀಸಾಗಿ ಬಂತು. ಮರದ ಮೇಲೆ ಅದರ ಗೆರೆಗಳ ಅಚ್ಚೂ ಬೀಳಲಿಲ್ಲ, ‘ಚಟ್’ ಎಂಬ ಸದ್ದೂ ಬರಲಿಲ್ಲ. ಜೂನ್ ಮೊದಲ ವಾರದಿಂದ ದಿನಕ್ಕೆರಡು ಬಾರಿ ಇದೇ ಪರೀಕ್ಷೆಯಲ್ಲಿ ಸೋಲುತ್ತ ಬಂದವನಾದ್ದರಿಂದ ನಂಬಿಕೆ ಬಾರದೆ, ಬೆರಳನ್ನು ಒರೆಸಿಕೊಂಡು ಇನ್ನೊಮ್ಮೆ ಒತ್ತಿದೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿಗೆ ಹದಿನೇಳು ದಿನ ಬಾಕಿಯಿದೆ. ಸೆಪ್ಟೆಂಬರ್ 3ರಂದು ಈ ಕೋವಿ ತೋಕ್‌ಪೂ (ಕೋವಿಹೂ) ಮುಡಿದು ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ನಿಲ್ಲದಿದ್ದರೆ ಅಪ್ಪ ನನ್ನೊಡನೆ ಮಾತು ಬಿಡುತ್ತಿದ್ದರು ಎಂಬುದನ್ನು ನಮ್ಮ ಮನೆಯನ್ನು ಬಲ್ಲವರು ಒಪ್ಪುತ್ತಾರೆ.

ಕೋವಿ ಅಜ್ಜನದು: 12 ಬೋರಿನ ಜೋಡಿ ನಳಿಗೆ, ವಾಲ್‌ನಟ್ ಮರದ ಹಿಡಿ. ಅಜ್ಜನ ಕೈ ಉದ್ದವಾಗಿದ್ದುದರಿಂದ ಹಿಡಿಯ ತುದಿಗೆ ಒಂದು ಅಂಗುಲದ ಬೀಟೆಯ ತುಂಡನ್ನು ಊರಿನ ಬಡಗಿಯೊಬ್ಬರು ಎಂದೋ ಕೂಡಿಸಿದ್ದಾರೆ. ಆ ಬೆಸುಗೆಯಲ್ಲಿ ಇಂದಿಗೂ ಉಗುರು ಹೋಗುವುದಿಲ್ಲ. ಹಳೆಯ ವಾರ್ನಿಷ್ ತೆಗೆದದ್ದು, ಮರಳುಕಾಗದ ಉಜ್ಜಿದ್ದು, ಒದ್ದೆ ಬಟ್ಟೆ ಮತ್ತು ಇಸ್ತ್ರಿಪೆಟ್ಟಿಗೆಯಿಂದ ತಗ್ಗುಗಳನ್ನು ಎಬ್ಬಿಸಿದ್ದು, ಇವೆಲ್ಲ ಮರಗೆಲಸದ ಹವ್ಯಾಸಿಗಳು ಮಾಡಿಯೇ ಇರುವ ಕೆಲಸವಾದ್ದರಿಂದ ವಿವರಿಸುವುದಿಲ್ಲ. ಲೋಹದ ಭಾಗಗಳನ್ನು ನಾನು ಮುಟ್ಟಿಲ್ಲ. ನಳಿಗೆಯೂ, ಗುಂಡು ಸಿಡಿಸುವ ಯಂತ್ರಭಾಗವಾದ ಆಕ್ಷನ್ನೂ ಪರವಾನಗಿಯುಳ್ಳ ದುರಸ್ತಿಗಾರರ ಬಳಿ ಮೇ ತಿಂಗಳಿನಿಂದ ಕುಳಿತಿವೆ. ಕೋವಿ ನಮ್ಮದಾದರೂ ಅದರ ಯಂತ್ರಭಾಗ ಬಿಚ್ಚುವ ಅಧಿಕಾರ ನಮ್ಮದಲ್ಲ ಎಂಬ ವಿಷಯದಲ್ಲಿ ನಾನು ಕಟ್ಟಾ ಸಂಪ್ರದಾಯಸ್ಥ.

ತೊಂದರೆ ಶುರುವಾದದ್ದು ಅಗಸೆ ಎಣ್ಣೆಯಿಂದ, ಅಥವಾ ಆರು ವಾರ ನಾನು ಹಾಗೆಂದು ನಂಬಿದ್ದೆ. ಮೊದಲ ಮೂರು ಲೇಪಗಳನ್ನು ಅಂಗೈಯಿಂದಲೇ ತಿಕ್ಕಿ ಕೊಟ್ಟೆ. ಹಿಡಿಯ ಹಿಂಭಾಗ ನಾಲ್ಕೈದು ದಿನಕ್ಕೆ ಒಣಗಿತು. ಆದರೆ ಆಕ್ಷನ್ ಕೂರುವ ತಲೆಯ ಭಾಗದಿಂದ ಕೊರಳಿನವರೆಗೆ, ಸರಿಸುಮಾರು ಒಂದು ಅಂಗೈ ಅಗಲದಷ್ಟು ಜಾಗ, ಬೆಲ್ಲದ ಪಾಕದಂತೆ ಅಂಟುತ್ತಲೇ ಉಳಿಯಿತು. ಒರೆಸಿ ತೆಗೆದು ಮತ್ತೆ ಹಚ್ಚಿದೆ, ಮತ್ತೆ ಅಂಟು. ಜೂನ್ ಕೊನೆಗೆ ಆ ಅಂಟಿನ ಮೇಲೆ ಬೂದುಬಣ್ಣದ ಬೂಷ್ಟು ಹಿಡಿಯಿತು. ಕೊಡಗಿನ ನಾಪೋಕ್ಲಿನ ಕಡೆಯ ಮಳೆಗಾಲದಲ್ಲಿ ಚಪ್ಪಲಿ, ಪುಸ್ತಕ, ಮದುವೆಯ ಕುಪ್ಪಸದ ಮೇಲೆಲ್ಲ ಬೂಷ್ಟು ಬೆಳೆಯುವುದು ವಾಡಿಕೆಯೇ ಆದರೂ ಅಜ್ಜನ ಕೋವಿಯ ಮೇಲೆ ಬೆಳೆದದ್ದನ್ನು ಕಂಡಾಗ ಹೊಟ್ಟೆಯಲ್ಲಿ ಏನೋ ಮುರಿದಂತಾಯಿತು.

ಮೊದಲ ಆಪಾದನೆ ಅಂಗಡಿಯವನ ತಲೆಗೆ ಹೋಯಿತು. ಡಬ್ಬಿಯ ಮೇಲೆ ‘ಡಬಲ್ ಬಾಯ್ಲ್ಡ್’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು, ಮುಚ್ಚಳ ತೆರೆದರೆ ಸೀಮೆಎಣ್ಣೆಯ ವಾಸನೆ. ಫೋನ್ ಮಾಡಿ ಕೇಳಿದರೆ, ‘ಸಾರ್, ಬಾಗಿಲಿಗೆ ಹಚ್ಚಿದವರು ಯಾರೂ ದೂರು ಹೇಳಿಲ್ಲ’ ಎಂಬ ಉತ್ತರ ಬಂತು. ಬಾಗಿಲನ್ನು ಯಾರೂ ಕೆನ್ನೆಗೆ ಒತ್ತಿಕೊಂಡು ಗುರಿ ಹಿಡಿಯುವುದಿಲ್ಲವೆಂದು ವಾದಿಸಿ ಕೆಲಸವಾಗಲಿಲ್ಲ. ಎರಡನೆಯ ಅಂಗಡಿಯಿಂದ ಇನ್ನೊಂದು ಡಬ್ಬಿ ತಂದು ಎರಡನ್ನೂ ಗಾಜಿನ ಚೂರುಗಳ ಮೇಲೆ ತೆಳ್ಳಗೆ ಸವರಿ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಮೂರು ದಿನದಲ್ಲಿ ಎರಡೂ ಗಟ್ಟಿಯಾದವು. ಮೊದಲನೆಯ ಅಂಗಡಿಯವನ ಕ್ಷಮೆಯನ್ನು ಮನಸ್ಸಿನಲ್ಲೇ ಕೇಳಿದೆ. ಸೀಮೆಎಣ್ಣೆಯ ವಾಸನೆಗೆ ಮಾತ್ರ ಕ್ಷಮೆಯಿಲ್ಲ.

ಎರಡನೆಯ ಆಪಾದನೆ ಮಳೆಯ ಮೇಲೆ. ಅಗಸೆ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ, ಹೆಣೆದುಕೊಂಡು ಗಟ್ಟಿಯಾಗುತ್ತದೆ. ಚಳಿ ಮತ್ತು ತೇವ ಎರಡೂ ಆ ಕ್ರಿಯೆಯನ್ನು ನಿಧಾನಗೊಳಿಸುತ್ತವೆ. ಆದ್ದರಿಂದ ಹಳೆಯ ಬೀರುವಿನ ಕೆಳಖಾನೆಯಲ್ಲಿ 60 ವಾಟಿನ ಬಲ್ಬೊಂದನ್ನು ತೂಗುಹಾಕಿ, ಮೇಲೆ ಗಾಳಿಗೆ ತೂತು ಕೊರೆದು, ಒಣಗಿಸುವ ಪೆಟ್ಟಿಗೆಯನ್ನು ಮಾಡಿದೆ. ಎಲ್ಇಡಿ ಬಂದ ಮೇಲೆ ಬಿಸಿಯಾಗುವ ಬಲ್ಬನ್ನು ಹುಡುಕುವುದೇ ಒಂದು ಪ್ರತ್ಯೇಕ ಯೋಜನೆ. ಕೊನೆಗೆ ಕೋಳಿಮರಿ ಸಾಕುವ ನೆಂಟರೊಬ್ಬರಿಂದ ಎರಡು ಸಿಕ್ಕವು. ಈ ನಡುವೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬಿಟ್ಟಿದ್ದೆ. ಸಂಜೆ ಜಗಲಿಯಲ್ಲಿ ಹೊಗೆ ಕಂಡ ಮನೆಯಾಕೆ ಬಕೆಟ್ಟನ್ನು ಅಂಗಳಕ್ಕೆ ಒದ್ದಳು. ಗಟ್ಟಿಯಾಗುವಾಗ ಹುಟ್ಟುವ ಶಾಖ ಮುದ್ದೆಯೊಳಗೆ ಸಿಕ್ಕಿಕೊಂಡರೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆಂದು ಇಪ್ಪತ್ತು ವರ್ಷಗಳಿಂದ ಇತರರಿಗೆ ಉಪದೇಶಿಸುತ್ತ ಬಂದವನು ನಾನೇ. ಈಗ ಬಟ್ಟೆಗಳನ್ನು ತಂತಿಯ ಮೇಲೆ ಹರವುತ್ತೇನೆ, ಅದೂ ಅವಳ ಕಣ್ಣೆದುರಿಗೇ.

ನಿಜವಾದ ಕಳ್ಳ ಸಿಕ್ಕಿಬಿದ್ದದ್ದು ಆ ಪೆಟ್ಟಿಗೆಯಲ್ಲೇ. ಬಲ್ಬಿನ ಶಾಖದಲ್ಲಿ ಎರಡು ಗಂಟೆ ಇಟ್ಟು ತೆಗೆದಾಗ, ಆಕ್ಷನ್ ಕೂರುವ ಗೂಡಿನ ಕಡೆಯ ಅಡ್ಡಕೊಯ್ತದ ಮೇಲೆ ಸಾಸಿವೆಯಷ್ಟು ದಪ್ಪದ ಕಪ್ಪು ಹನಿಗಳು ಸಾಲಾಗಿ ಮೂಡಿದ್ದವು. ಬೆರಳಿಗೆ ತೆಗೆದು ಮೂಸಿದೆ. ಅಗಸೆಯ ವಾಸನೆಯಲ್ಲ. ಹೊಲಿಗೆ ಯಂತ್ರದ ಎಣ್ಣೆಯ, ಅಜ್ಜನ ಕೋಣೆಯ ವಾಸನೆ. ನಮ್ಮಲ್ಲಿ ಕೋವಿಯನ್ನು ನಳಿಗೆ ಮೇಲಾಗಿ, ಗೋಡೆಗೆ ಒರಗಿಸಿ ನಿಲ್ಲಿಸುವುದು ಪದ್ಧತಿ. ಮಳೆಗಾಲದ ತುಕ್ಕಿಗೆ ಹೆದರಿ ಎಣ್ಣೆಯನ್ನು ಧಾರಾಳವಾಗಿ ಬಿಡುವುದೂ ಪದ್ಧತಿಯೇ. ನಳಿಗೆಗೂ ಆಕ್ಷನ್ನಿಗೂ ಬಿಟ್ಟ ಎಣ್ಣೆ ನಿಧಾನವಾಗಿ ಇಳಿದು, ಮರದ ಎಳೆಗಳು ತೆರೆದಿರುವ ಆ ಅಡ್ಡಕೊಯ್ತದ ಮೂಲಕ ದಶಕಗಳ ಕಾಲ ಹಿಡಿಯೊಳಗೆ ಸೇರಿದೆ. ಖನಿಜ ಎಣ್ಣೆ ತಾನೂ ಒಣಗುವುದಿಲ್ಲ, ಜೊತೆಗೆ ಬೆರೆತ ಅಗಸೆ ಎಣ್ಣೆಯನ್ನೂ ಒಣಗಲು ಬಿಡುವುದಿಲ್ಲ. ಅಂಗಡಿಯವನೂ ತಪ್ಪಿತಸ್ಥನಲ್ಲ, ಮಳೆಯೂ ಅಲ್ಲ. ನಮ್ಮ ಮನೆಯ ಮೂರು ತಲೆಮಾರಿನ ಪ್ರೀತಿಯೇ ಮರವನ್ನು ಕೊಳೆಯಿಸುತ್ತಿತ್ತು.

ಅದನ್ನು ಹೀರಿ ತೆಗೆಯಲು ಚಾಕ್ ಪುಡಿ ಮತ್ತು ಅಸಿಟೋನ್ ಬೇಕು. ಪುಡಿ ಸುಲಭವಾಗಿ ದೊರೆಯಿತು: ಬಣ್ಣ ಬಳಿಯುವವರು ಪುಟ್ಟಿ ಕಲಸುವುದೇ ಅದರಿಂದ. ಅಸಿಟೋನಿನ ಕಥೆಯೇ ಬೇರೆ. ಮೊದಲ ಅಂಗಡಿಯವರು ಉಗುರುಬಣ್ಣ ತೆಗೆಯುವ ಗುಲಾಬಿ ದ್ರಾವಣದ ಪುಟ್ಟ ಶೀಶೆಗಳನ್ನು ಮುಂದಿಟ್ಟು ಎಷ್ಟು ಡಜನ್ ಬೇಕೆಂದು ಕೇಳಿದರು. ರಾಸಾಯನಿಕ ಮಾರುವವರು ಜಿಎಸ್‌ಟಿ ಸಂಖ್ಯೆಯಿಲ್ಲದೆ ಕೊಡಲಾರೆವೆಂದರು. ಕೊರಿಯರಿನವರು ಹೊತ್ತಿಕೊಳ್ಳುವ ವಸ್ತುವನ್ನು ಘಟ್ಟ ಹತ್ತಿಸುವುದಿಲ್ಲವೆಂದರು. ಕಾಲೇಜಿನಲ್ಲಿ ಓದುವ ಸೋದರಳಿಯನಿಗೆ ಇವೆಲ್ಲ ತಮಾಷೆ. ‘ಮಾವ, ಮನೆಯಲ್ಲಿ ಕೋವಿ ಇಟ್ಟುಕೊಳ್ಳಲು ನಿಮಗೆ ಲೈಸೆನ್ಸ್ ಬೇಡ, ಅದರ ಕೊಳೆ ತೆಗೆಯಲು ಬೇಕಾ?’ ಎಂದು ಕೇಳಿದ.

ಹುಡುಗನ ಮಾತು ನಗೆಯದಾದರೂ ಅದರಲ್ಲಿ ನಾನು ದಿನವೂ ಜಗಳವಾಡುವ ವಿಷಯವಿದೆ. 1861ರಲ್ಲಿ ಮಾರ್ಕ್ ಕಬ್ಬನ್ ಬ್ರಿಟಿಷ್ ಕಮಿಷನರ್ ಆಗಿದ್ದಾಗ ಕೋವಿ ಪರವಾನಗಿಯಿಂದ ನಮಗೆ ಸಿಕ್ಕ ವಿನಾಯಿತಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲೂ ಮುಂದುವರಿಯಿತು. ಕೊಡವರಿಗೂ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಅನ್ವಯಿಸುವ ಅದನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ, ವಿಸ್ತರಿಸಿತು. ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಒಪ್ಪಲಿಲ್ಲ. ನಾನು ವಿನಾಯಿತಿಯ ಪರ, ಯಾವ ಪಕ್ಷ ಅಧಿಕಾರದಲ್ಲಿದ್ದರೂ ಪರ. ಆದರೆ ಅಮೆರಿಕದಲ್ಲಿರುವ ನಮ್ಮವರು ಆಯುಧ ಹೊಂದುವ ಹಕ್ಕು ಕೊಡುವ ಅಲ್ಲಿಯ ಸಂವಿಧಾನದ ಎರಡನೆಯ ತಿದ್ದುಪಡಿಯನ್ನು ನಮ್ಮ ಜಮ್ಮಾ ಭೂಮಿಗೆ ತಂದು ನೆಡಲು ಹೊರಟಾಗ ಒಪ್ಪುವುದಿಲ್ಲ. ಅಲ್ಲಿ ಅದು ಸರ್ಕಾರದೆದುರು ಪ್ರಜೆ ಹೂಡುವ ಹಕ್ಕು. ಇಲ್ಲಿ ಕುಲದ ಮೂಲಪುರುಷನಾದ ಗುರುಕಾರೋಣನೆದುರು ಮನೆಯವನು ಹೊರುವ ಜವಾಬ್ದಾರಿ. ಮಗು ಹುಟ್ಟಿದಾಗ ಒಂದು, ಸಾವಾದಾಗ ಎರಡು, ಸುಗ್ಗಿಹಬ್ಬ ಹುತ್ತರಿಯ ಕದಿರು ತೆಗೆಯುವಾಗ ಒಂದು ಗುಂಡು ಆಕಾಶಕ್ಕೆ ಹಾರುವುದು ಊರಿಗೆ ಸುದ್ದಿ ಮುಟ್ಟಿಸಲು. ಮದುವೆಯ ಮನೆಯಲ್ಲಿ ಕುಡಿದು ಜನರ ನಡುವೆ ಗುಂಡು ಹಾರಿಸುವವನಿಗೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡನ್ನೂ ಇಟ್ಟಿದೆ. ನನ್ನನ್ನು ಕೇಳಿದ್ದರೆ ‘ಅಥವಾ’ ಎಂಬ ಪದವನ್ನು ತೆಗೆಸುತ್ತಿದ್ದೆ. ಅದೇ ತಿದ್ದುಪಡಿ ಪರವಾನಗಿದಾರನ ಮೂರು ಕೋವಿಗಳನ್ನು ಎರಡಕ್ಕೆ ಇಳಿಸಿದ್ದು ಮಾತ್ರ, ಪಿತ್ರಾರ್ಜಿತವಾಗಿ ಬಂದ ಕೋವಿಗಳುಳ್ಳ ಮನೆಗಳ ಕಷ್ಟ ತಿಳಿಯದವರ ಕೆಲಸ. ನಮ್ಮ ಈ ಕೋವಿಯಂತೂ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಬ್ಬದ ಗುರಿಸ್ಪರ್ಧೆಯ ತೆಂಗಿನಕಾಯಿಯನ್ನಲ್ಲದೆ ಬೇರೇನನ್ನೂ ಬೇಟೆಯಾಡಿಲ್ಲ.

ಅಸಿಟೋನ್ ಕೊನೆಗೆ ಪ್ಲಾಸ್ಟಿಕ್ ಅಚ್ಚಿನ ಕೆಲಸ ಮಾಡುವ ಸ್ನೇಹಿತರಿಂದ ಎರಡು ಲೀಟರ್ ಬಂತು. ಪುಡಿಯನ್ನು ಅದರಲ್ಲಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ, ಹಿಡಿಯ ತಲೆಗೆ ಅರ್ಧ ಅಂಗುಲ ದಪ್ಪ ಮೆತ್ತಿ, ತೆರೆದ ಜಗಲಿಯಲ್ಲಿ ಬಿಟ್ಟೆ. ಅಸಿಟೋನ್ ಒಳಗೆ ಇಳಿದು ಎಣ್ಣೆಯನ್ನು ಕರಗಿಸುತ್ತದೆ. ಅದು ಆರುತ್ತ ಹೊರಬರುವಾಗ ಎಣ್ಣೆಯನ್ನೂ ಎಳೆದು ತಂದು ಪುಡಿಯಲ್ಲಿ ಬಿಟ್ಟು ಹೋಗುತ್ತದೆ. ಮೊದಲ ಲೇಪ ಒಂದು ಗಂಟೆಯಲ್ಲಿ ಬಿರಿದು ಉದುರಿದಾಗ ಅದರ ಬಣ್ಣ ಹುರಿದ ಕಾಫಿಪುಡಿಯದಾಗಿತ್ತು. ನಾಲ್ಕನೆಯದು ಹಾಲು ಹೆಚ್ಚಾದ ಚಹಾ. ಗೆದ್ದೆನೆಂದುಕೊಂಡು ಐದನೆಯದಕ್ಕೆ ಮೊದಲು ಮರವನ್ನು ಬಲ್ಬಿನ ಪೆಟ್ಟಿಗೆಯಲ್ಲಿ ಬೆಚ್ಚಗಾಗಿಸಿದೆ, ಆಳದಲ್ಲಿದ್ದ ಎಣ್ಣೆ ಮೇಲೆ ಬಂದು ಲೇಪ ಮತ್ತೆ ಕಾಫಿಪುಡಿಯಾಯಿತು. ಆಮೇಲೆ ಹಿಡಿದ ಕ್ರಮ ಇದು: ಬೆಚ್ಚಗೆ ಮಾಡು, ಬಲ್ಬನ್ನು ಆರಿಸು, ಮರ ಕೈಗೆ ತಣ್ಣಗಾಗುವ ತನಕ ತಡೆ, ಆಮೇಲೆ ಹೊರಗೆ ಒಯ್ದು ಮೆತ್ತು. ಅಸಿಟೋನಿನ ಆವಿಯೂ ಉರಿಯುವ ಬಲ್ಬೂ ಒಂದೇ ಬೀರುವಿನಲ್ಲಿ ಎಂದಿಗೂ ಇರಬಾರದು. ನಮ್ಮ ಮನೆಯಲ್ಲಿ ಆ ನಿಯಮದ ಜಾರಿ ಮನೆಯಾಕೆಯ ಕೈಯಲ್ಲಿತ್ತು, ಮೇನ್ ಸ್ವಿಚ್ಚೂ ಅವಳ ಕೈಯಲ್ಲೇ ಇತ್ತು. ಬಿಸಿಲು ಕಂಡ ದಿನ ಎರಡು ಲೇಪ, ಕಾಣದ ದಿನ ಒಂದು. ಹನ್ನೊಂದನೆಯ ಲೇಪ ಬಿಳಿಯಾಗಿ ಹೋಗಿ ಬಿಳಿಯಾಗಿಯೇ ಉದುರಿತು.

ಎಣ್ಣೆ ಹೋದ ಮೇಲೆ ಮರ ಎರಡು ಛಾಯೆ ತಿಳಿಯಾಯಿತು. ಜೊತೆಗೆ ಇಷ್ಟು ದಿನ ಕಪ್ಪಿನಲ್ಲಿ ಅಡಗಿದ್ದ ಕೂದಲೆಳೆಯ ಬಿರುಕೊಂದು ಗೂಡಿನ ಮೂಲೆಯಿಂದ ಕೊರಳಿನ ಕಡೆಗೆ ಮುಕ್ಕಾಲು ಅಂಗುಲ ಓಡಿರುವುದು ಕಂಡಿತು. ಎಣ್ಣೆ ಕುಡಿದ ಮರ ಮೆತ್ತಗಾಗಿ, ಪ್ರತಿ ಗುಂಡಿನ ಒದೆತಕ್ಕೂ ಆಕ್ಷನ್ನಿನ ಅಂಚು ಅಲ್ಲಿ ಬೆಣೆಯಂತೆ ನಾಟುತ್ತಿದ್ದಿರಬೇಕು. ಹಾಗೆಯೇ ಈ ಹಬ್ಬಕ್ಕೆ ಹೊಡೆದಿದ್ದರೆ ಹಿಡಿ ಸೀಳುವ ಸಾಧ್ಯತೆಯಿತ್ತು. ತೆಳುವಾದ ಎಪಾಕ್ಸಿಯನ್ನು ಬೆಚ್ಚಗೆ ಮಾಡಿ ಬಿರುಕಿಗೆ ಇಳಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಎರಡು ದಿನ ಬಿಟ್ಟೆ. ಅಡ್ಡಕೊಯ್ತಕ್ಕೆ ಅರಗಿನ ಪಾಲಿಶ್ ಮೂರು ಕೈ ಕೊಟ್ಟು ಬಾಯಿ ಮುಚ್ಚಿದೆ. ಆಮೇಲೆ ಅಗಸೆ ಎಣ್ಣೆ, ಈ ಬಾರಿ ಎರಡು ಹನಿಗೆ ಒಂದು ಅಂಗೈ ಎಂಬ ಜಿಪುಣತನದಿಂದ. ಇಂದಿನದು ನಾಲ್ಕನೆಯ ಲೇಪದ ಪರೀಕ್ಷೆ. ಕೊರಳಿನ ಎಡಬದಿಯಲ್ಲಿ ಈಗ ಕಾಣುವ ಜೇನುಬಣ್ಣದ ಅಲೆಗಳನ್ನು ಅಪ್ಪನೂ ಹಿಂದೆಂದೂ ಕಂಡಿರಲಿಲ್ಲವಂತೆ.

ಚೆಕರಿಂಗ್, ಅಂದರೆ ಕೈಹಿಡಿತಕ್ಕಾಗಿ ಹಿಡಿಯ ಮೇಲೆ ಅಡ್ಡಡ್ಡ ಗೆರೆಗಳನ್ನು ಕೆತ್ತುವ ಕೆಲಸ, ಹುತ್ತರಿಯವರೆಗೆ ಕಾಯಲಿ. ಅಷ್ಟರೊಳಗೆ ಮನಸ್ಸು ಕಾಫಿ ಗೋದಾಮಿಗೆ ಓಡಿದೆ. ಉದ್ದ 14 ಮೀಟರ್ ಇದೆ, ಮಕ್ಕಳಿಗೆ 10 ಮೀಟರಿನ ಏರ್ ರೈಫಲ್ ರೇಂಜ್ ಮಾಡಬಹುದು. 0.177 ಬೋರಿನ, 20 ಜೂಲ್ ಮೀರದ ಏರ್ ರೈಫಲಿಗೆ ಯಾರಿಗೂ ಪರವಾನಗಿ ಬೇಡ. ಗುರಿಯ ನಡುಬಿಂದು ಅರ್ಧ ಮಿಲಿಮೀಟರ್, ಎತ್ತರ 1.4 ಮೀಟರ್. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಅಂತರದಲ್ಲಿ. ಪೆಲೆಟ್ ಹಿಡಿಯುವ ಪೆಟ್ಟಿಗೆಗೆ ಓರೆ ತಗಡು ಹಾಕಬೇಕೋ, ಮರದ ಹೊಟ್ಟು ತುಂಬಬೇಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಗೋದಾಮನ್ನು ಡಿಸೆಂಬರಿನ ಕೊಯ್ಲಿಗೆ ಮೊದಲು ತೆರವು ಮಾಡಿಕೊಡಬೇಕೆಂಬ ಷರತ್ತಿನೊಡನೆ ಮನೆಯಾಕೆಯ ಒಪ್ಪಿಗೆ ದೊರೆತಿದೆ.

ಇನ್ನು ಉಳಿದದ್ದು ಕೋವಿಯನ್ನು ಇಡುವ ಬಗೆ. ನಳಿಗೆ ಕೆಳಗಾಗಿ ಇಟ್ಟರೆ ಎಣ್ಣೆ ಮರದಿಂದ ದೂರ ಹರಿಯುತ್ತದೆ ಎಂದು ನಿನ್ನೆ ರಾತ್ರಿ ಊಟದ ಹೊತ್ತಿನಲ್ಲಿ ಅಪ್ಪನಿಗೆ ತಿಳಿಸಿದೆ, ಸಾಕ್ಷಿಗೆ ಮೊದಲ ಲೇಪದ ಕಪ್ಪು ಪುಡಿಯ ಪೊಟ್ಟಣವನ್ನೂ ತೋರಿಸಿದೆ. ಎಂಬತ್ತನಾಲ್ಕರ ಅಪ್ಪ ಪೊಟ್ಟಣವನ್ನು ಮೂಸಿ ಸುಮ್ಮನೆ ಕುಳಿತರು. ‘ಇದು ನನ್ನ ಅಪ್ಪನ ಕೈಯ ಎಣ್ಣೆ, ಚೆಲ್ಲಬೇಡ’ ಎಂದರು. ಸ್ವಲ್ಪ ಹೊತ್ತಿನ ಮೇಲೆ, ‘ಹಬ್ಬದ ದಿನ ಮಾತ್ರ ಅದು ತಲೆ ಎತ್ತಿಯೇ ನಿಲ್ಲಬೇಕು. ಉಳಿದ ದಿನ ನಿನ್ನ ಬೀರುವಿನಲ್ಲಿ ಹೇಗಾದರೂ ಮಲಗಿಸು’ ಎಂದರು. ಬೀರುವಿನ ತಳಕ್ಕೆ ನಳಿಗೆಯ ಬಾಯಿ ಕೂರುವಂತೆ ಫೆಲ್ಟ್ ಅಂಟಿಸಿದ ಎರಡು ಕುಳಿಗಳ ಹಲಗೆಯನ್ನು ಈ ಮಧ್ಯಾಹ್ನ ಕೊರೆಯಲು ತೊಡಗಿದ್ದೇನೆ. ದುರಸ್ತಿಗಾರರು ಸೋಮವಾರ ಹಿಡಿಯನ್ನು ತರಲು ಹೇಳಿದ್ದಾರೆ.