ಆಕಾಶದ ದೇವರು ಇಂದ್ರನೇ ಅಲ್ವಾ?

ವೇದದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: "ಆಗಿನವರಿಗೆ ಆಕಾಶದ ದೇವರು ಇಂದ್ರನೇ ಅಲ್ವಾ?"

ಅಲ್ಲ. ಇಂದ್ರನದು ಸಿಡಿಲು, ಮಳೆ, ಯುದ್ಧದ ಖಾತೆ. ತಲೆಯ ಮೇಲೆ ಹರಡಿರುವ ಆಕಾಶವೇ ದೇವರಾದರೆ ಅವನ ಹೆಸರು ದ್ಯೌಸ್. ಅಪ್ಪ ದ್ಯೌಸ್, ತಾಯಿ ಪೃಥಿವಿ ಎಂದೇ ಋಷಿಗಳು ಕರೆಯುತ್ತಾರೆ. ಗ್ರೀಕರ ಜೀಯಸ್, ರೋಮನ್ನರ ಜುಪಿಟರ್ ಇವನ ದಾಯಾದಿಗಳು. ಅವರಿಬ್ಬರೂ ದೇವರಾಜರಾದರು, ಇವನು ಆಗಲಿಲ್ಲ.

ಋಗ್ವೇದದ 1028 ಸೂಕ್ತಗಳಲ್ಲಿ ಇಂದ್ರನಿಗೆ ಸುಮಾರು 250 ಇವೆ. ದ್ಯೌಸ್ ಒಬ್ಬನಿಗೇ ಅಂತ ಒಂದೂ ಇಲ್ಲ. ಪೃಥಿವಿಯ ಜೊತೆ ಸೇರಿಸಿ 'ದ್ಯಾವಾಪೃಥಿವೀ' ಎಂದು ಆರು ಸೂಕ್ತ, ಅಷ್ಟೇ. ಉಳಿದಂತೆ ಮಕ್ಕಳಿಂದಲೇ ಅವನ ಪರಿಚಯ. ಉಷಸ್ಸು ಅವನ ಮಗಳು, ಅಶ್ವಿನೀ ದೇವತೆಗಳು ಅವನ ಕುಡಿಗಳು, ಅಗ್ನಿಯೂ ಮಗನೇ.

ಇಂದ್ರ ಬಂದು ಇವನನ್ನು ಗದ್ದುಗೆಯಿಂದ ಇಳಿಸಿದ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಋಗ್ವೇದದಲ್ಲಿ ಅವನು ಗದ್ದುಗೆ ಏರಿದ್ದೇ ಕಾಣುವುದಿಲ್ಲ, ಇಳಿಸುವುದೆಲ್ಲಿಂದ? ಸೂಕ್ತ ಹಾಡುವವನಿಗೆ ಹಸು ಬೇಕು, ಗೆಲುವು ಬೇಕು. ಅದಕ್ಕೆ ಇಂದ್ರ ಇದ್ದಾನೆ. ತಪ್ಪು ಮಾಡಿ ಹೆದರಿದವನು ವರುಣನಿಗೆ ಮೊರೆ ಹೋಗುತ್ತಾನೆ. ಗೂಢಚಾರರನ್ನಿಟ್ಟು ಎಲ್ಲರ ಮೇಲೆ ಕಣ್ಣಿಟ್ಟವನು ಅವನು. (ನಮ್ಮ ಪತ್ರಿಕೆಗಳು ಈಗ ಅವನನ್ನು ಬರೀ ಮಳೆಯ ಸುದ್ದಿಗೆ ಇಟ್ಟುಕೊಂಡಿವೆ, ಪಾಪ.) ದ್ಯೌಸ್ ಮಾತ್ರ ಸುಮ್ನೆ ಇದ್ದಾನೆ. ಬೇಡುವವರಿಗೆ ಅವನಿಂದ ಜಾಸ್ತಿ ಕೆಲಸವಿಲ್ಲ.

ಆದರೆ ನೋಡುವವರಿಗೆ ಇತ್ತು. ಹತ್ತನೇ ಮಂಡಲದಲ್ಲಿ ಒಂದು ಸಾಲಿದೆ: ಕಪ್ಪು ಕುದುರೆಗೆ ಮುತ್ತು ತೊಡಿಸಿದ ಹಾಗೆ ಪಿತೃಗಳು ಆಕಾಶವನ್ನು ನಕ್ಷತ್ರಗಳಿಂದ ಸಿಂಗರಿಸಿದರು. ಇಲ್ಲಿ ದ್ಯೌಸ್ ದೇವರೋ, ರಾತ್ರಿಯ ಆಕಾಶವೋ? ಆ ಋಷಿಗೆ ಅದು ಪ್ರಶ್ನೆಯೇ ಆಗಿರಲಿಕ್ಕಿಲ್ಲ.

"ಆಮೇಲೆ ಏನಾದ?" ಅಂತಲೂ ಕೇಳುತ್ತಾರೆ. ಮಹಾಭಾರತದ ಆದಿಪರ್ವದಲ್ಲಿ ಇದೇ ಹೆಸರು ಎಂಟು ವಸುಗಳಲ್ಲಿ ಒಬ್ಬನಿಗಿದೆ. ಹೆಂಡತಿ ಆಸೆಪಟ್ಟಳೆಂದು ಅವನು ವಸಿಷ್ಠರ ಹಸುವನ್ನು ಕದಿಯುತ್ತಾನೆ. ಶಾಪ ಎಂಟೂ ಜನರಿಗೆ ತಟ್ಟುತ್ತದೆ. ಏಳು ಜನ ಹುಟ್ಟಿದ ಕೂಡಲೇ ಗಂಗೆಯ ಪಾಲಾಗಿ ಬಿಡುಗಡೆ ಪಡೆಯುತ್ತಾರೆ. ಕದ್ದವನು ಮಾತ್ರ ಭೀಷ್ಮನಾಗಿ ಬಹುಕಾಲ ಭೂಮಿಯಲ್ಲಿ ಬಾಳಬೇಕಾಗುತ್ತದೆ. ಋಗ್ವೇದದಲ್ಲಿ ಮಕ್ಕಳಿಂದಲೇ ಗುರುತಾಗಿದ್ದ ಹೆಸರಿಗೆ ಇಲ್ಲಿ ಬಂದ ಶಾಪದಲ್ಲಿ, ಮಕ್ಕಳಾಗದಿರಲಿ ಅನ್ನುವುದೂ ಸೇರಿದೆ.