ಕುಕ್ಕರ್ ಗ್ಯಾಸ್ಕೆಟ್ಟಿನ ಸ್ಟೀರಿಂಗು

ನಮ್ಮ ಅಂಗನವಾಡಿಯಲ್ಲಿ ಒಂದು ಬಸ್ಸಿದೆ. ಎರಡೆರಡರಂತೆ ಜೋಡಿಸಿದ ಎಂಟು ಪ್ಲಾಸ್ಟಿಕ್ ಕುರ್ಚಿ, ಸ್ಟೀರಿಂಗಿಗೆ ಸವೆದ ಕುಕ್ಕರ್ ಗ್ಯಾಸ್ಕೆಟ್, ಕೆಟ್ಟುಹೋದ ಟೀವಿ ರಿಮೋಟೇ ಟಿಕೆಟ್ ಮಷೀನು. ದುಡ್ಡು ಅಂದ್ರೆ ಹುಣಸೆ ಬೀಜ. ಬೆಳಿಗ್ಗೆ ಪ್ರಾರ್ಥನೆ ಮುಗಿದು ಅರ್ಧ ಗಂಟೆಯೊಳಗೆ ಬಸ್ಸು ಹೊರಡದಿದ್ದರೆ ಮಕ್ಕಳು ಬಿಡೋದಿಲ್ಲ.

ಕಳೆದ ವಾರದ ಕಂಡಕ್ಟರ್ ನಾಲ್ಕೂವರೆ ವರ್ಷದ ಹುಡುಗಿ. ಕಂಕುಳಲ್ಲಿ ಹಳೇ ಪರ್ಸು, ಕೈಯಲ್ಲಿ ರಿಮೋಟು. ಗಂಡು ಮಕ್ಕಳ ಹತ್ತಿರ ಬಂದರೆ 'ಹತ್ ರುಪಾಯ್ ಕೊಡಿ, ಚಿಲ್ರೆ ಇಲ್ಲ' ಅನ್ನುತ್ತಾಳೆ. ಹುಡುಗಿಯರ ಹತ್ತಿರ ಬಂದರೆ 'ಆಧಾರ್ ತೋರ್ಸಿ'. ಅವರು ಖಾಲಿ ಅಂಗೈ ಚಾಚುತ್ತಾರೆ, ಇವಳು ಬಗ್ಗಿ ಅದನ್ನು ಚೆನ್ನಾಗಿ ನೋಡಿ, ರಿಮೋಟಿನ ಗುಂಡಿ ಒತ್ತಿ, ಹಳೇ ಕ್ಯಾಲೆಂಡರಿನ ಚೂರೊಂದನ್ನು ಹರಿದು ಕೊಡುತ್ತಾಳೆ. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಅವಳಿಗೆ ಬುದ್ಧಿ ಬಂದಾಗಿನಿಂದ ಸರ್ಕಾರಿ ಬಸ್ಸಲ್ಲಿ ಅಮ್ಮ ದುಡ್ಡು ಕೊಟ್ಟಿದ್ದನ್ನು ಅವಳು ನೋಡೇ ಇಲ್ಲ, ಅಲ್ವಾ? ನಾವ್ಯಾರೂ ಹೇಳಿಕೊಟ್ಟಿಲ್ಲ. ಸೀಟಲ್ಲಿ ಸುಮ್ನೆ ಕೂತು ಎಲ್ಲವನ್ನೂ ನೋಡಿಕೊಂಡು ಬಂದಿದ್ದಾಳೆ.

ಅಷ್ಟರಲ್ಲಿ ಒಬ್ಬ ಹುಡುಗ ಕೇಳಿದ, 'ಇದು ಎಲ್ಲಿಗೆ ಹೋಗೋ ಬಸ್ಸು?' ಅವಳು ಸ್ಲೇಟು ತಗೊಂಡಳು. ಬಳಪದಲ್ಲಿ ಎಡದಿಂದ ಬಲಕ್ಕೆ ಸುತ್ತು ಸುತ್ತಾಗಿ ಒಂದು ಗೆರೆ ಎಳೆದು ಮುಂದಿನ ಕುರ್ಚಿಗೆ ಒರಗಿಸಿ, 'ಬೋರ್ಡ್ ಹಾಕಿಲ್ವಾ? ಮೈಸೂರು' ಅಂದಳು. ಅವಳಿಗೆ ಒಂದಕ್ಷರವೂ ಬರೆಯಲು ಬರಲ್ಲ. ಆದರೆ ಬರಹ ಯಾಕೆ ಬೇಕು ಅನ್ನೋದು ಗೊತ್ತಿದೆ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಅ ಆ ತಿದ್ದುವ ಮಕ್ಕಳನ್ನು ನಾನು ನೋಡಿದ್ದೇನೆ.

ನಮ್ಮದು ಟಿ. ನರಸೀಪುರ ತಾಲ್ಲೂಕು. 1975ರಲ್ಲಿ ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದ ಮೊದಲ ಅಂಗನವಾಡಿಗಳು ಬಂದಿದ್ದು ಇಲ್ಲೇ. ಇಲ್ಲೂ ಈಗ ತಾಯಂದಿರು ಬಾಗಿಲಲ್ಲಿ ನಿಂತು ಕೇಳುತ್ತಾರೆ, 'ಇವತ್ತೂ ಬರೀ ಆಟಾನಾ ಟೀಚರ್? ಒಂದ್ ಪುಟ ಬರೆಸಬಾರ್ದಾ?' ಅವರ ಮೇಲೆ ನನಗೆ ಬೇಜಾರಿಲ್ಲ. ಕೂಲಿ ಮಾಡಿ ಮಕ್ಕಳನ್ನು ಓದಿಸುವವರಿಗೆ ಬರೆದ ಪುಟ ಕಣ್ಣಿಗೆ ಕಾಣುತ್ತೆ, ಆಟದಲ್ಲಿ ಕಲಿತದ್ದು ಕಾಣಲ್ಲ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದವರಿಗೆ ಆಟದ ಮೂಲಕವೇ ಕಲಿಸಿ ಅನ್ನುತ್ತೆ. ಆದರೆ ಅದನ್ನು ಹೇಳಿದರೆ ಯಾರೂ ಒಪ್ಪಲ್ಲ. ಹಾಗಾಗಿ ಒಳಗೆ ಕರೆದು ಹತ್ತು ನಿಮಿಷ ಕೂರಿಸುತ್ತೇನೆ.

ಒಬ್ಬ ತಾಯಿ ಹಾಗೆ ಕೂತು ನೋಡಿದ್ದು ತನ್ನ ಮಗನನ್ನೇ. ಅವನು ಡ್ರೈವರ್. ಊಟಕ್ಕೂ ಎರಡು ನಿಮಿಷ ಕೂತಲ್ಲಿ ಕೂರದ ಹುಡುಗ ಗ್ಯಾಸ್ಕೆಟ್ ಹಿಡಿದು, ಹಿಂದೆ ತಿರುಗದೆ, ವಿಷಲ್ ಬಂದಾಗ ಮಾತ್ರ ನಿಲ್ಲಿಸುತ್ತಾ ಕಾಲು ಗಂಟೆ ಕೂತಿದ್ದ. ಡ್ರೈವರ್ ಎದ್ದು ಓಡೋ ಹಾಗಿಲ್ಲವಲ್ಲ! ಸೋವಿಯತ್ ಮನಃಶಾಸ್ತ್ರಜ್ಞ ವೈಗಾಟ್ಸ್ಕಿ 1933ರಲ್ಲೇ ಒಂದು ಉಪನ್ಯಾಸದಲ್ಲಿ ಇದನ್ನು ಹೇಳಿದ್ದರು: ಪಾತ್ರ ತಗೊಂಡ ಕೂಡಲೇ ಅದರ ನಿಯಮವೂ ಜೊತೆಗೇ ಬರುತ್ತೆ, ಮಗು ಅದನ್ನು ತಾನಾಗಿಯೇ ಪಾಲಿಸುತ್ತೆ. ನಾನು ನೂರು ಸಲ 'ಕೂತ್ಕೋ' ಅಂದಿದ್ದರೂ ಆಗದ ಕೆಲಸ ಅದು.

ಒಂದು ತಪ್ಪು ನಾನೂ ಮಾಡಿದ್ದೇನೆ. ಆಟ ಚೆನ್ನಾಗಿ ನಡೀತಿತ್ತು, ಲೆಕ್ಕ ಕಲಿಸಲು ಇದೇ ಸಮಯ ಅಂದುಕೊಂಡು ಕಂಡಕ್ಟರನ್ನು ಕೇಳಿಬಿಟ್ಟೆ, 'ಎಂಟು ಸೀಟು, ಆರು ಜನ ಕೂತಿದ್ದಾರೆ, ಎಷ್ಟು ಖಾಲಿ ಹೇಳು ಪುಟ್ಟಿ?' ಅವಳು ನನ್ನ ಮುಖ ನೋಡಿದಳು. ರಿಮೋಟು ಕೆಳಗಿಟ್ಟಳು. ಎಲ್ಲರೂ ಒಬ್ಬೊಬ್ಬರಾಗಿ ಎದ್ದು ಹೋದರು, ಬಸ್ಸು ಬರೀ ಕುರ್ಚಿಯಾಯಿತು. ಆ ದಿನವೆಲ್ಲ ನನಗೆ ಸಂಕಟ.

ಮರುದಿನ ಸೆರಗು ತಲೆ ಮೇಲೆ ಎಳ್ಕೊಂಡು, ಗೊಂಬೆಯೊಂದನ್ನು ಎತ್ತಿಕೊಂಡು, ಬುಟ್ಟಿ ಹಿಡಿದು ಕೈ ಅಡ್ಡ ಹಾಕಿದೆ. ಬಸ್ಸು ನಿಂತಿತು. 'ಮೈಸೂರಿಗೆ ಹೋಗ್ಬೇಕು ಕಣವ್ವ, ನಂಗೂ ನನ್ ಮೊಮ್ಮಗಳಿಗೂ ಸೀಟ್ ಇದ್ಯಾ?' ಅಂದೆ. ಅವಳು ಒಂದೊಂದೇ ಕುರ್ಚಿ ಮುಟ್ಟುತ್ತಾ ಹಿಂದಿನವರೆಗೂ ಹೋಗಿ ಬಂದಳು.

'ಒಂದೇ ಇರೋದಜ್ಜಿ, ಒಂದು ಕಮ್ಮಿ ಆಗುತ್ತೆ. ಮಗೂನ ತೊಡೆ ಮೇಲೆ ಕೂರಿಸ್ಕೊಳಿ. ಎಲ್ಲಿ, ಆಧಾರ್ ತೋರ್ಸಿ.'

ನಾನು ಅಂಗೈ ಚಾಚಿದೆ.